ಕಂಪ್ಯೂಟರ್ ಸವಕಳಿ: ಗದಗ ಜಿಲ್ಲೆಯ ಸ್ವಂತ ಉದ್ಯೋಗಗಳಲ್ಲಿ

ಸ್ವಂತ ಉದ್ಯೋಗ ಮಾಡುವವರು ದುಡಿಮೆಗೆಂದು ಕೊಂಡ ಕಂಪ್ಯೂಟರಿನ ಬೆಲೆಯನ್ನು ವರ್ಷಕ್ಕಿಷ್ಟರಂತೆ ಆದಾಯದಲ್ಲಿ ಕಳೆದುಕೊಳ್ಳಬಹುದು. ಆದಾಯ ತೆರಿಗೆ ಕಾನೂನಿನಲ್ಲಿ ಇದಕ್ಕೆ ಸವಕಳಿ ಕಡಿತ ಎಂದು ಹೆಸರು. ಆಡಿಟರ್ ಕಚೇರಿಗಳಲ್ಲಿ ಬಳಕೆಯ ಮಾತು ಡಿಪ್ರಿಸಿಯೇಶನ್. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 32ನೆಯ ಕಲಂ. ಅದರ ಜಾಗದಲ್ಲಿ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ, ‘ಹಿಂದಿನ ವರ್ಷ’, ‘ನಿರ್ಧರಣಾ ವರ್ಷ’ ಎಂಬ ಜೋಡಿ ಹೋಗಿ ‘ತೆರಿಗೆ ವರ್ಷ’ ಎಂಬ ಒಂದೇ ಹೆಸರು ಬಂದಿದೆ, ಸವಕಳಿಯ ತತ್ವ ಮಾತ್ರ ಹಾಗೆಯೇ ಉಳಿದಿದೆ. ಲೆಕ್ಕಿಗರ ಬಾಯಲ್ಲಿ ಈಗಲೂ ಹಳೆಯ ಸಂಖ್ಯೆಗಳೇ ಓಡಾಡುತ್ತಿರುವುದರಿಂದ ಈ ಲೇಖನದಲ್ಲಿಯೂ ಅವನ್ನೇ ಬಳಸಿದೆ.

ಗದಗ-ಬೆಟಗೇರಿಯಲ್ಲಿ ಈ ವಿಷಯಕ್ಕೆ ಹೆಚ್ಚಿನ ತೂಕವಿದೆ. ಮುದ್ರಣ ಕಾಶಿ ಎಂದು ಹೆಸರಾದ ಊರು ಇದು. ಉತ್ತರ ಕರ್ನಾಟಕದ ನಾಟಕದ ಪುಸ್ತಕಗಳು, ಪುರಾಣಗಳು, ಲಗ್ನಪತ್ರಿಕೆಗಳು, ಜಾತ್ರೆಯ ಕರಪತ್ರಗಳು ತಲೆಮಾರುಗಳಿಂದ ಇಲ್ಲಿ ಅಚ್ಚಾಗಿವೆ. ಶಾಬಾದಿಮಠದವರಂಥ ಪ್ರಕಾಶಕರ ಹೆಸರು ಹಳ್ಳಿಹಳ್ಳಿಯ ಓದುಗರಿಗೂ ಗೊತ್ತು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಮುದ್ರಕನ ಬಂಡವಾಳ ಬಹಳ ಬಾಳುತ್ತಿತ್ತು. ಅಜ್ಜ ಕೊಂಡ ಟ್ರೆಡಲ್ ಯಂತ್ರವನ್ನು ಮೊಮ್ಮಗನೂ ತುಳಿದದ್ದುಂಟು, ಸವೆದ ಸೀಸದ ಮೊಳೆಯನ್ನು ಕರಗಿಸಿ ಮತ್ತೆ ಎರಕ ಹೊಯ್ಯಬಹುದಿತ್ತು. ಡಿಟಿಪಿ ಬಂದ ಮೇಲೆ ಕೆಲಸ ಬೇಗ ಆಗತೊಡಗಿತು, ಆದರೆ ಹತ್ಯಾರದ ಆಯುಷ್ಯ ನಾಲ್ಕೈದು ವರ್ಷಕ್ಕೆ ಇಳಿಯಿತು. ಹೊಸ ತಂತ್ರಾಂಶ ಹಳೆಯ ಯಂತ್ರದಲ್ಲಿ ಓಡುವುದಿಲ್ಲ, ಪ್ರಿಂಟರಿನ ಬಿಡಿಭಾಗ ಸಿಗುವುದಿಲ್ಲ. ಬಂಡವಾಳ ಇಷ್ಟು ಬೇಗ ಕರಗುವ ವೃತ್ತಿಯಲ್ಲಿ ಸವಕಳಿ ಕಡಿತವನ್ನು ಬಿಟ್ಟುಕೊಟ್ಟರೆ ಕೈಗೆ ಬಾರದ ರೊಕ್ಕದ ಮೇಲೂ ತೆರಿಗೆ ಕಟ್ಟಬೇಕಾಗುತ್ತದೆ.

ಮುದ್ರಕರ ಮಾತಷ್ಟೇ ಅಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ತಹಶೀಲ್ದಾರ್ ಕಚೇರಿಯ ಎದುರು ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ ಅರ್ಜಿ ಬರಹಗಾರರು ಈಗ ಕಂಪ್ಯೂಟರಿಗೆ ಬಂದಿದ್ದಾರೆ. 2023ರಲ್ಲಿ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ಆಸ್ತಿ ನೋಂದಣಿಯ ದಸ್ತಾವೇಜು ಮೊದಲು ಪರದೆಯ ಮೇಲೆಯೇ ಸಿದ್ಧವಾಗಬೇಕು. ಗ್ರಾಮ ಒನ್ ಮತ್ತು ಸಾಮಾನ್ಯ ಸೇವಾ ಕೇಂದ್ರ ನಡೆಸುವವರು, ಮನೆಯ ನಕ್ಷೆ ಬರೆಯುವ ಸಿವಿಲ್ ಎಂಜಿನಿಯರುಗಳು, ಲಗ್ನದ ವಿಡಿಯೋ ಸಂಕಲಿಸುವ ಸ್ಟುಡಿಯೋದವರು, ಅಂಗಡಿಗಳ ಟ್ಯಾಲಿ ಬರೆದುಕೊಡುವವರು, ಮನೆಯಲ್ಲೇ ಕೂತು ಹೊರಗಿನ ಕಂಪನಿಗಳಿಗೆ ಕೆಲಸ ಮಾಡಿಕೊಡುವ ಎಂಜಿನಿಯರಿಂಗ್ ಪದವೀಧರರು, ಇವರೆಲ್ಲರ ಅನ್ನ ಕಂಪ್ಯೂಟರಿನಲ್ಲಿದೆ.

ದರ ಮತ್ತು ಲೆಕ್ಕ

ಆದಾಯ ತೆರಿಗೆ ನಿಯಮಗಳ ಪ್ರಕಾರ ಕಂಪ್ಯೂಟರ್ ಮತ್ತು ತಂತ್ರಾಂಶಕ್ಕೆ ವರ್ಷಕ್ಕೆ ನೂರಕ್ಕೆ 40ರ ಸವಕಳಿ. 2017ರ ಮಾರ್ಚ್ ತನಕ ಇದು 60 ಇತ್ತು. ಆ ಏಪ್ರಿಲ್‌ನಿಂದ ಎಲ್ಲ ಬಗೆಯ ಆಸ್ತಿಗೂ 40ರ ಮಿತಿ ಹಾಕಿದರು. ಕಪ್ಪತಗುಡ್ಡದ ಸಾಲಿನಲ್ಲೂ ಮುಂಡರಗಿಯ ಆಸುಪಾಸಿನಲ್ಲೂ ತಿರುಗುವ ಗಾಳಿಯಂತ್ರಗಳಿಗೆ ಅಲ್ಲಿಯ ತನಕ 80ರ ದರವಿತ್ತು. ಕೆಲವು ಕಾಲ ತೆಗೆದು ಮತ್ತೆ ಕೊಟ್ಟಿದ್ದೂ ಉಂಟು. ತೆರಿಗೆ ಉಳಿಸಲೆಂದೇ ದೊಡ್ಡ ಹೂಡಿಕೆದಾರರು ದೇಶದಲ್ಲೆಲ್ಲ ಗಾಳಿಯಂತ್ರ ನೆಟ್ಟದ್ದು ಈ ದರ ನೋಡಿಯೇ. 2017ರ ನಂತರ ಗುಡ್ಡದ ಮೇಲಿನ ಯಂತ್ರಕ್ಕೂ ಅದರ ಕೆಳಗಿನ ಊರಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೂ ಒಂದೇ ದರ. ಆ ಹೂಡಿಕೆದಾರರು ಪೈಸೆ ಬಿಡದೆ ಪಡೆದುಕೊಂಡ ಸೌಲಭ್ಯವನ್ನು ಅಂಗಡಿಯವರು ಕೇಳದೆ ಕಳೆದುಕೊಳ್ಳುವುದು ನ್ಯಾಯವಲ್ಲ.

ಸವಕಳಿಯನ್ನು ಮೂಲ ಬೆಲೆಯ ಮೇಲೆ ಪ್ರತಿ ವರ್ಷ ಲೆಕ್ಕ ಹಾಕುವುದಿಲ್ಲ, ಉಳಿಕೆ ಬೆಲೆಯ ಮೇಲೆ ಹಾಕುತ್ತಾರೆ. ಬೆಟಗೇರಿಯ ಡಿಟಿಪಿ ಅಂಗಡಿಯೊಂದು 62,000 ರೂಪಾಯಿಯ ಕಂಪ್ಯೂಟರ್, 18,000ದ ಪ್ರಿಂಟರ್, ಒಟ್ಟು 80,000ದ ಸಾಮಾನು ಕೊಂಡಿತೆನ್ನೋಣ. ಮೊದಲ ವರ್ಷ 32,000 ಕಳೆಯುತ್ತದೆ, 48,000 ಉಳಿಯುತ್ತದೆ. ಎರಡನೆಯ ವರ್ಷ 19,200, ಮೂರನೆಯ ವರ್ಷ 11,520. ಮೂರು ವರ್ಷಕ್ಕೆ 62,720 ರೂಪಾಯಿ ಕಡಿತ ಸಿಕ್ಕಿ 17,280 ಉಳಿಕೆ ನಿಲ್ಲುತ್ತದೆ.

ಇಲ್ಲಿ ದಿನಾಂಕದ್ದೊಂದು ಕಟ್ಟುಪಾಡಿದೆ. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅರ್ಧ ದರ, ಅಂದರೆ ನೂರಕ್ಕೆ 20. ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಹಿಂದಕ್ಕೆ ಎಣಿಸಿದರೆ ಗಡುವು ಅಕ್ಟೋಬರ್ 3ಕ್ಕೆ ಬಂದು ನಿಲ್ಲುತ್ತದೆ. ಫೆಬ್ರವರಿಗೆ 29 ದಿನವಿರುವ ವರ್ಷದಲ್ಲಿ ಇನ್ನೊಂದು ದಿನ ಸಿಗುತ್ತದೆ. ನಮ್ಮ ಕಡೆ ಹೊಸ ಯಂತ್ರ ತರುವುದು ಮಹಾನವಮಿಯ ಖಂಡೇ ಪೂಜೆಗೆ, ಇಲ್ಲವೇ ದೀಪಾವಳಿಯ ಲಕ್ಷ್ಮೀ ಪೂಜೆಗೆ. 2025ರಲ್ಲಿ ಮಹಾನವಮಿ ಅಕ್ಟೋಬರ್ 1ಕ್ಕೆ ಬಂದಿತ್ತು. ಅಂದು ಪೂಜೆ ಮಾಡಿ ಅಂದೇ ಕೆಲಸಕ್ಕೆ ಹಚ್ಚಿದ ಕಂಪ್ಯೂಟರಿಗೆ ಪೂರ್ತಿ 40 ಸಿಕ್ಕಿತು. ಅದೇ ತಿಂಗಳ ಮೂರನೆಯ ವಾರ ಬಂದ ದೀಪಾವಳಿಗೆ ಕೊಂಡವರಿಗೆ ಅರ್ಧ. ಮೇಲಿನ 80,000ದ ಲೆಕ್ಕವನ್ನೇ ಹಿಡಿದರೆ ದೀಪಾವಳಿಯ ಖರೀದಿಗೆ ಮೊದಲ ವರ್ಷ 16,000, ಎರಡನೆಯ ವರ್ಷ 25,600, ಮೂರನೆಯ ವರ್ಷ 15,360, ಒಟ್ಟು 56,960. ಉಳಿದದ್ದು ಮುಂದಿನ ವರ್ಷಗಳಲ್ಲಿ ಬರುತ್ತದೆ, ಮುಳುಗುವುದಿಲ್ಲ. ಆದರೂ ಸಾಲ ಮಾಡಿ ಯಂತ್ರ ತಂದವನಿಗೆ ಮೊದಲ ವರ್ಷದ ಕಡಿತವೇ ಆಸರೆ. ಗಮನಿಸಬೇಕಾದ ಇನ್ನೊಂದು ಮಾತು: ಕಾನೂನು ನೋಡುವುದು ಕೆಲಸಕ್ಕೆ ಹಚ್ಚಿದ ದಿನವನ್ನು. ಸೆಪ್ಟೆಂಬರ್‌ನಲ್ಲಿ ಬಿಲ್ ಮಾಡಿಸಿ ಪೆಟ್ಟಿಗೆ ಬಿಚ್ಚದೆ ದೀಪಾವಳಿಗೆ ಇಟ್ಟುಕೊಂಡರೆ ಪೂರ್ತಿ ದರ ಸಿಗದು.

ತಯಾರಿಕೆಯ ಯಂತ್ರಗಳಿಗೆ ಸಿಗುವ ಹೆಚ್ಚುವರಿ ಸವಕಳಿ ಕಂಪ್ಯೂಟರಿಗಿಲ್ಲ. ಕಚೇರಿ ಉಪಕರಣಗಳನ್ನು ಕಂಪ್ಯೂಟರ್ ಸಮೇತ ಕಾಯ್ದೆಯೇ ಹೊರಗಿಟ್ಟಿದೆ. ಸಾಮಾನ್ಯ ಸವಕಳಿ ಮಾತ್ರ ಹಳೆಯ ತೆರಿಗೆ ಪದ್ಧತಿಯಲ್ಲೂ ಉಂಟು, ಹೊಸದರಲ್ಲೂ ಉಂಟು. ಹೊಸ ಪದ್ಧತಿಗೆ ಹೋದರೆ ಕಡಿತಗಳೆಲ್ಲ ಹೋದವು ಎಂದು ಬಹಳ ಜನ ತಿಳಿದಿದ್ದಾರೆ. ಹೋದದ್ದು ವಿಮೆ, ಉಳಿತಾಯದಂಥ ಖಾಸಗಿ ಕಡಿತಗಳು. ವ್ಯಾಪಾರದ ಖರ್ಚು, ಸವಕಳಿ ಎಲ್ಲಿಗೂ ಹೋಗಿಲ್ಲ.

ಯಾವುದು ಕಂಪ್ಯೂಟರ್?

ಕಂಪ್ಯೂಟರಿಗೆ 40, ಸಾಮಾನ್ಯ ಯಂತ್ರಕ್ಕೆ 15, ಪೀಠೋಪಕರಣಕ್ಕೆ 10 ಎಂದು ದರ ಬೇರೆಯಾಗಿರುವುದರಿಂದ ಈ ಪ್ರಶ್ನೆಗೆ ಬೆಲೆ ಬಂದಿದೆ. ಪ್ರಿಂಟರ್, ಸ್ಕ್ಯಾನರ್, ಸರ್ವರ್ ಇವು ಕಂಪ್ಯೂಟರ್ ವ್ಯವಸ್ಥೆಯ ಅಂಗಗಳೇ, ಅದಿಲ್ಲದೆ ಇವು ಕೆಲಸ ಮಾಡವು ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಬಿಎಸ್‌ಇಎಸ್ ರಾಜಧಾನಿ ಪವರ್ಸ್ ಪ್ರಕರಣದಲ್ಲಿ ಹೇಳಿತು. ರೌಟರ್, ಸ್ವಿಚ್‌ಗಳ ಬಗ್ಗೆ ಅದೇ ವರ್ಷ ಡೇಟಾಕ್ರಾಫ್ಟ್ ಪ್ರಕರಣದಲ್ಲಿ ಮುಂಬಯಿಯ ತೆರಿಗೆ ನ್ಯಾಯಮಂಡಳಿಯ ವಿಶೇಷ ಪೀಠ ಇಂಥದೇ ನಿಲುವು ತಳೆಯಿತು. ಮೊಬೈಲ್ ಫೋನನ್ನು ಕಂಪ್ಯೂಟರ್ ಎಂದು ತೋರಿಸಲು ಫೆಡರಲ್ ಬ್ಯಾಂಕ್ ಮಾಡಿದ ವಾದವನ್ನು ಕೇರಳ ಹೈಕೋರ್ಟ್ ಒಪ್ಪಲಿಲ್ಲ.

ಗದಗಿನ ಅಂಗಡಿಗೆ ಇದನ್ನು ಅನ್ವಯಿಸಿದರೆ, ಡಿಟಿಪಿ ಮೇಜಿನ ಮೇಲಿನ ಲೇಸರ್ ಪ್ರಿಂಟರ್, ಪಹಣಿ ಮುದ್ರಿಸುವ ಯಂತ್ರ, ಸೇವಾ ಕೇಂದ್ರದ ಬೆರಳಚ್ಚು ಸ್ಕ್ಯಾನರ್ ಇವೆಲ್ಲ 40ರ ಗುಂಪಿಗೆ ಸೇರುತ್ತವೆ. ಕಂಪ್ಯೂಟರಿನ ಹಂಗಿಲ್ಲದೆ ತಾನೇ ನಿಂತು ನಕಲು ತೆಗೆಯುವ ದೊಡ್ಡ ಜೆರಾಕ್ಸ್ ಯಂತ್ರ, ಕಾಗದ ಕತ್ತರಿಸುವ ಯಂತ್ರ, ಆಫ್‌ಸೆಟ್ ಯಂತ್ರ, ಲಗ್ನದ ಕ್ಯಾಮರಾ 15ರ ಗುಂಪು. ಕುರ್ಚಿ, ಮೇಜು, ಕೌಂಟರ್ 10. ಆದ್ದರಿಂದ ಎಲ್ಲವನ್ನೂ ಒಂದೇ ಸಾಲಿನಲ್ಲಿ ‘ಕಂಪ್ಯೂಟರ್ ಸೆಟ್’ ಎಂದು ಬರೆದ ಬಿಲ್ಲಿಗಿಂತ ಬಿಡಿಬಿಡಿಯಾಗಿ ಬೆಲೆ ನಮೂದಿಸಿದ ಬಿಲ್ಲು ಕೊಳ್ಳುವವನಿಗೆ ಒಳ್ಳೆಯದು.

ತಂತ್ರಾಂಶದಲ್ಲೂ ಎರಡು ಬಗೆ. ಒಮ್ಮೆ ಕೊಂಡು ವರ್ಷಗಟ್ಟಲೆ ಬಳಸುವ ಪರವಾನಗಿ ಆಸ್ತಿಯಾಗುತ್ತದೆ, ಅದಕ್ಕೆ 40. ವರ್ಷಕ್ಕೋ ತಿಂಗಳಿಗೋ ಕಟ್ಟುವ ಚಂದಾ ಚಾಲ್ತಿ ಖರ್ಚು, ಆ ವರ್ಷವೇ ಪೂರ್ತಿ ಕಳೆಯಬಹುದು. ಟೋನರ್, ಇಂಕ್, ಮೌಸ್ ಬದಲಿ, ದುರಸ್ತಿ ಇವೂ ಚಾಲ್ತಿ ಖರ್ಚೇ. ಸರ್ಕಾರದ ನೆರವಿನಲ್ಲಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶ ಪುಕ್ಕಟೆಯಾಗಿ ಸಿಗುವುದರಿಂದ ಅದಕ್ಕೆ ಲೆಕ್ಕವೇ ಇಲ್ಲ.

ಪಾವತಿ ಮತ್ತು ಬಿಲ್ಲು

ಸವಕಳಿ ಕೈತಪ್ಪುವುದು ಬಹುಪಾಲು ಖರೀದಿಯ ದಿನವೇ. ಯಂತ್ರದ ಬೆಲೆಯಲ್ಲಿ ಒಬ್ಬ ವ್ಯಾಪಾರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ, ಹಾಗೆ ಕೊಟ್ಟ ಹಣವನ್ನು ಆಸ್ತಿಯ ಬೆಲೆಗೆ ಸೇರಿಸುವಂತಿಲ್ಲ. 43(1)ನೆಯ ಕಲಮಿನಲ್ಲಿ 2017ರಿಂದ ಇರುವ ನಿಯಮ ಇದು. ಹುಬ್ಬಳ್ಳಿಯ ಅಂಗಡಿಯಲ್ಲಿ 62,000ದ ಕಂಪ್ಯೂಟರಿಗೆ 42,000 ಫೋನ್‌ಪೇ ಮಾಡಿ, 20,000 ಕೈಯಲ್ಲಿ ಎಣಿಸಿಕೊಟ್ಟರೆ ಲೆಕ್ಕಕ್ಕೆ ಬರುವುದು 42,000 ಮಾತ್ರ. ಉಳಿದ ಇಪ್ಪತ್ತು ಸಾವಿರಕ್ಕೆ ಮುಂದೆ ಯಾವ ವರ್ಷವೂ ಸವಕಳಿ ಇಲ್ಲ. ಖಾತೆಗೇ ಜಮೆಯಾಗುವ ಚೆಕ್, ಯುಪಿಐ, ಡೆಬಿಟ್ ಕಾರ್ಡ್, ನೆಫ್ಟ್ ಎಲ್ಲವೂ ನಡೆಯುತ್ತವೆ.

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಗಳು ಕ್ಯೂಆರ್ ಹಲಗೆ ತೆಗೆದು ನಗದಿಗೆ ಮರಳಿದವು. ಆ ಅಂಜಿಕೆ ಅರ್ಥವಾಗುವಂಥದು. ಆದರೆ ಆದಾಯ ತೆರಿಗೆಯ ಮಗ್ಗುಲಿನಿಂದ ನೋಡಿದರೆ ನಗದೇ ದುಬಾರಿ. ಮುಂದೆ ಹೇಳಲಿರುವ ಅಂದಾಜು ಪದ್ಧತಿಯಲ್ಲೂ ನಗದು ಜಮೆಗೆ ಹೆಚ್ಚಿನ ದರವೇ ಇದೆ.

ಬಿಲ್ಲಿನ ಮೇಲೆ ಕೊಂಡವರ ಹೆಸರು ಇರಬೇಕು. ಅಂಗಡಿ ತಮ್ಮನ ಹೆಸರಿನಲ್ಲಿ, ಬಿಲ್ಲು ಅಣ್ಣನ ಹೆಸರಿನಲ್ಲಿ, ರಿಟರ್ನ್ ತಂದೆಯ ಹೆಸರಿನಲ್ಲಿ ಇರುವುದು ನಮ್ಮ ಕೂಡುಕುಟುಂಬಗಳಲ್ಲಿ ಅಪರೂಪವಲ್ಲ. ಆಸ್ತಿ ಯಾರದೋ ಅವರಿಗೇ ಸವಕಳಿ. ಬಳಸಿದ ಹಳೆಯ ಕಂಪ್ಯೂಟರ್ ಕೊಂಡರೂ ಸವಕಳಿ ಉಂಟು, ಬಿಲ್ಲು ಮಾತ್ರ ಬೇಕೇ ಬೇಕು. ಮುದ್ರಾ ಸಾಲದಿಂದ ಕೊಂಡರೆ ಪೂರ್ತಿ ಬೆಲೆಗೆ ಸವಕಳಿ ಸಿಗುತ್ತದೆ, ಬಡ್ಡಿ ಬೇರೆ ಖರ್ಚಾಗಿ ಕಳೆಯುತ್ತದೆ, ಕಂತಿನ ಅಸಲು ಕಳೆಯುವುದಿಲ್ಲ. ಯಂತ್ರದ ಬೆಲೆಗೆಂದೇ ಸರ್ಕಾರ ಕೊಟ್ಟ ಸಬ್ಸಿಡಿಯನ್ನು ಬೆಲೆಯಿಂದ ಇಳಿಸಿ ಉಳಿದದ್ದಕ್ಕೆ ಸವಕಳಿ ಹಾಕಬೇಕು.

ಅಂದಾಜು ಲಾಭದ ಪದ್ಧತಿ ಮತ್ತು ಕಮಿಷನ್

ಈ ವಿಷಯದ ಗಂಟು ಇರುವುದು ಇಲ್ಲಿ. 44ಎಡಿ ಕಲಂ ಪ್ರಕಾರ ಸಣ್ಣ ವ್ಯಾಪಾರಿ ಪೂರ್ತಿ ಲೆಕ್ಕ ಬರೆಯದೆಯೂ ರಿಟರ್ನ್ ತುಂಬಬಹುದು. ವಹಿವಾಟು ಎರಡು ಕೋಟಿಯೊಳಗಿರಬೇಕು. ನಗದು ಜಮೆ ನೂರಕ್ಕೆ 5 ಮೀರದಿದ್ದರೆ ಮಿತಿ ಮೂರು ಕೋಟಿ. ಬ್ಯಾಂಕಿನ ಮೂಲಕ ಬಂದ ಜಮೆಗೆ ಕನಿಷ್ಠ 6, ನಗದು ಜಮೆಗೆ 8ರಂತೆ ಲಾಭವೆಂದು ತೋರಿಸಿದರೆ ಸಾಕು. ಒಂಬತ್ತು ಲಕ್ಷದ ಜಮೆಯಲ್ಲಿ ಆರು ಲಕ್ಷ ಯುಪಿಐ, ಮೂರು ಲಕ್ಷ ನಗದು ಇರುವ ಡಿಟಿಪಿ ಅಂಗಡಿಗೆ ಇದು 36,000 ಮತ್ತು 24,000, ಒಟ್ಟು 60,000. ಎಂಜಿನಿಯರ್, ವಕೀಲ, ವೈದ್ಯ ಮೊದಲಾದ ನಿಗದಿತ ವೃತ್ತಿಗಳಿಗೆ 44ಎಡಿಎ ಕಲಮಿನಲ್ಲಿ ಜಮೆಯ ಅರ್ಧವೇ ಲಾಭ.

ಈ ದಾರಿ ಹಿಡಿದವರು ಸವಕಳಿಯನ್ನು ಬೇರೆಯಾಗಿ ಕೇಳುವಂತಿಲ್ಲ. ಉಳಿದ 94 ಅಥವಾ 92ರಲ್ಲಿ ಕಾಗದ, ಬಾಡಿಗೆ, ಕರೆಂಟಿನ ಜೊತೆ ಕಂಪ್ಯೂಟರಿನ ಸವಕಳಿಯೂ ಅಡಗಿದೆ ಎಂದೇ ಕಾನೂನು ಹಿಡಿಯುತ್ತದೆ. ಅಷ್ಟೇ ಅಲ್ಲ, ಕೇಳದಿದ್ದರೂ ಪ್ರತಿ ವರ್ಷ ಸವಕಳಿ ಕಳೆದಂತೆಯೇ ಉಳಿಕೆ ಬೆಲೆ ಇಳಿಯುತ್ತ ಹೋಗುತ್ತದೆ. 80,000ದ ಸಾಮಾನು ಕೊಂಡು ಐದು ವರ್ಷ ಅಂದಾಜು ಪದ್ಧತಿಯಲ್ಲಿ ಇದ್ದು ಆಮೇಲೆ ಪೂರ್ತಿ ಲೆಕ್ಕಕ್ಕೆ ಬಂದವನ ಪುಸ್ತಕದಲ್ಲಿ ಉಳಿಕೆ ಸುಮಾರು 6,221 ರೂಪಾಯಿ ಮಾತ್ರ. ‘ಈ ವರ್ಷ ಬೇಡ, ಲಾಭ ಬಂದ ವರ್ಷ ಕಳೆದುಕೊಳ್ಳೋಣ’ ಎನ್ನುವುದಕ್ಕೆ ಲೆಕ್ಕಪುಸ್ತಕ ಇಡುವವರಿಗೂ ಆಸ್ಪದವಿಲ್ಲ, ಸವಕಳಿ ಕಡ್ಡಾಯ. ಆದರೆ ಆ ವರ್ಷದ ಆದಾಯ ಸಾಲದೆ ಹೋದರೆ ಉಳಿದ ಸವಕಳಿಯನ್ನು ವರ್ಷಗಳ ಮಿತಿಯಿಲ್ಲದೆ ಮುಂದಕ್ಕೆ ಒಯ್ಯಬಹುದು. ಅಂದಾಜು ಪದ್ಧತಿಯವರಿಗೆ ಈ ಸೌಕರ್ಯ ಇಲ್ಲ. ಒಮ್ಮೆ ಆ ಪದ್ಧತಿಗೆ ಹೋಗಿ ಮುಂದಿನ ಐದು ವರ್ಷದೊಳಗೆ ಬಿಟ್ಟರೆ ಮತ್ತೈದು ವರ್ಷ ಅದಕ್ಕೆ ಮರಳುವಂತಿಲ್ಲ, ಆದಾಯ ವಿನಾಯಿತಿ ಮಿತಿ ದಾಟಿದರೆ ಆಡಿಟ್ ಕೂಡ ಆಗಬೇಕು.

ಹಾಗಾದರೆ ಯಾರಿಗೆ ಯಾವುದು ಒಳ್ಳೆಯದು? ಲಾಭದ ಪ್ರಮಾಣ ಚೆನ್ನಾಗಿದ್ದು ಯಂತ್ರದ ಬೆಲೆ ಸಣ್ಣದಾದ ಅಂಗಡಿಗೆ ಅಂದಾಜು ಪದ್ಧತಿಯೇ ಸಲೀಸು. ಆಫ್‌ಸೆಟ್, ಡಿಜಿಟಲ್ ಮುದ್ರಣ ಎಂದು ಹತ್ತಾರು ಲಕ್ಷ ಹೂಡಿದ ಮುದ್ರಕ ಪೂರ್ತಿ ಲೆಕ್ಕ ಇಡದಿದ್ದರೆ ಮೊದಲ ಎರಡು ಮೂರು ವರ್ಷದ ದೊಡ್ಡ ಸವಕಳಿಯನ್ನೆಲ್ಲ ಕಳೆದುಕೊಳ್ಳುತ್ತಾನೆ. ಕಿರ್ದಿ, ಖತಾವಣಿ ಬರೆಯುವುದು ಈ ಸೀಮೆಯ ವ್ಯಾಪಾರಸ್ಥರಿಗೆ ಹೊಸದೇನಲ್ಲ.

ಗ್ರಾಮ ಒನ್, ಸಾಮಾನ್ಯ ಸೇವಾ ಕೇಂದ್ರ, ಹಣ ವರ್ಗಾವಣೆ, ವಿಮೆ ಏಜೆನ್ಸಿ ನಡೆಸುವವರ ಮಾತೇ ಬೇರೆ. ಕಮಿಷನ್ ಅಥವಾ ದಲ್ಲಾಳಿ ಆದಾಯ ಇರುವವರಿಗೂ ಏಜೆನ್ಸಿ ವ್ಯವಹಾರ ಮಾಡುವವರಿಗೂ 44ಎಡಿ ಅನ್ವಯವಾಗುವುದಿಲ್ಲ ಎಂದು ಆ ಕಲಮಿನ 6ನೆಯ ಉಪಕಲಂ ಹೇಳುತ್ತದೆ. ತಮಗೆ ಬಂದ ಹಣ ಯಾವ ಬಗೆಯದೆಂದು ತಿಳಿಯಲು ಫಾರ್ಮ್ 26ಎಎಸ್ ನೋಡಬೇಕು. ಅದರಲ್ಲಿ ಮುರಿದುಕೊಂಡ ತೆರಿಗೆಯ (ಟಿಡಿಎಸ್) ಕಲಂ 194ಎಚ್ ಎಂದಿದ್ದರೆ ಕೊಟ್ಟವರು ಅದನ್ನು ಕಮಿಷನ್ ಎಂದೇ ಬರೆದಿದ್ದಾರೆ. ಅಂಥವರು 44ಎಡಿಯ ರಿಟರ್ನ್ ತುಂಬಿದರೆ ಅದು ತಪ್ಪು ರಿಟರ್ನ್. ಅವರಿಗಿರುವುದು ಪೂರ್ತಿ ಲೆಕ್ಕದ ದಾರಿ, ಐಟಿಆರ್-3 ನಮೂನೆ. ಅದರಲ್ಲಿ ಯಂತ್ರಗಳ ಸವಕಳಿಗೆ ಮೀಸಲಾದ ಅನುಸೂಚಿಯಿದೆ, 40ರ ದರಕ್ಕೆ ಅಲ್ಲಿ ಪ್ರತ್ಯೇಕ ಕಾಲಮ್ಮಿದೆ. ಒಂದೇ ಅಂಗಡಿಯಲ್ಲಿ ಜೆರಾಕ್ಸೂ ಕಮಿಷನ್ನೂ ಎರಡೂ ಇದ್ದವರು ಎಲ್ಲಕ್ಕೂ ಲೆಕ್ಕ ಇಡುವುದೇ ಕ್ಷೇಮ, ಯಾಕೆಂದರೆ ಕಲಮಿನ ಮಾತು ವ್ಯವಹಾರವನ್ನಲ್ಲ, ವ್ಯಕ್ತಿಯನ್ನೇ ಹೊರಗಿಡುತ್ತದೆ. ಈ ಕೇಂದ್ರಗಳನ್ನು ನಡೆಸುವ ಹುಡುಗ-ಹುಡುಗಿಯರು ಸ್ವಂತ ರೊಕ್ಕದಿಂದ ಕಂಪ್ಯೂಟರ್, ಪ್ರಿಂಟರ್, ಸ್ಕ್ಯಾನರ್ ತಂದಿಟ್ಟು ಊರ ಕೆಲಸ ಮಾಡುತ್ತಾರೆ. ಸವಕಳಿ ಎಲ್ಲರಿಗಿಂತ ಹೆಚ್ಚಾಗಿ ಸಲ್ಲಬೇಕಾದವರು ಇವರೇ.

ತೆರಿಗೆಯೇ ಇಲ್ಲದವರಿಗೆ ಏನು ಲಾಭ?

2025-26ರಿಂದ ಹೊಸ ಪದ್ಧತಿಯಲ್ಲಿ ನಾಲ್ಕು ಲಕ್ಷದ ತನಕ ತೆರಿಗೆ ಇಲ್ಲ, ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ ರಿಯಾಯಿತಿಯಿಂದಾಗಿ ಕಟ್ಟಬೇಕಾದ ತೆರಿಗೆ ಸೊನ್ನೆ. ಮುಂಡರಗಿಯ ಜೆರಾಕ್ಸ್ ಅಂಗಡಿಗೆ 12 ಲಕ್ಷ ಲಾಭ ದೂರದ ಮಾತು. ಆದರೂ ಸವಕಳಿ ಬರೆಯುವುದಕ್ಕೆ ಕಾರಣಗಳಿವೆ. ಕಮಿಷನ್ ಕೊಡುವವರು 194ಎಚ್ ಪ್ರಕಾರ ನೂರಕ್ಕೆ 2 ಮುರಿದುಕೊಂಡೇ ಕೊಡುತ್ತಾರೆ. 2024ರ ಅಕ್ಟೋಬರ್‌ಗೆ ಮುನ್ನ ಇದು 5 ಇತ್ತು. ವರ್ಷಕ್ಕೆ 3,60,000 ಕಮಿಷನ್ ಬಂದವರ 7,200 ರೂಪಾಯಿ ಸರ್ಕಾರದ ಬಳಿ ಕೂತಿರುತ್ತದೆ, ಸರಿಯಾದ ರಿಟರ್ನ್ ತುಂಬದೆ ಅದು ವಾಪಸು ಬಾರದು. ಅದೂ ಅಲ್ಲದೆ, ಬ್ಯಾಂಕಿಗೆ ಸಾಲ ಕೇಳಲು ಹೋದಾಗ ಕೊಡುವ ಲಾಭ-ನಷ್ಟದ ಪಟ್ಟಿಯಲ್ಲಿ ಸವಕಳಿ ಬೇರೆ ಸಾಲಾಗಿ ಕಂಡರೆ, ಅದು ಕೈಯಿಂದ ಹೋಗದ ಖರ್ಚು ಎಂದು ಮ್ಯಾನೇಜರು ಮರುಪಾವತಿಯ ಶಕ್ತಿಯನ್ನು ಅಳೆಯುವಾಗ ಲಾಭಕ್ಕೆ ಮತ್ತೆ ಕೂಡಿಸಿಕೊಳ್ಳುತ್ತಾರೆ. ಅಂದಾಜು ರಿಟರ್ನಿನ 60,000 ರೂಪಾಯಿ ಲಾಭ ನೋಡಿ ದೊಡ್ಡ ಸಾಲ ಕೊಡುವ ಬ್ಯಾಂಕು ಸಿಗುವುದು ಕಷ್ಟ.

ಜಿಎಸ್‌ಟಿ, ಮನೆಬಳಕೆ, ನೌಕರಿ

ಕಂಪ್ಯೂಟರ್, ಲ್ಯಾಪ್‌ಟಾಪ್, ಪ್ರಿಂಟರುಗಳಿಗೆ ಜಿಎಸ್‌ಟಿ ನೂರಕ್ಕೆ 18. ನೋಂದಣಿ ಇಲ್ಲದವರು ಮತ್ತು ಕಾಂಪೊಸಿಶನ್ ಪದ್ಧತಿಯವರು ಈ ತೆರಿಗೆಯನ್ನೂ ಬೆಲೆಗೆ ಸೇರಿಸಿ ಸವಕಳಿ ಹಾಕಬಹುದು. ಸಾಮಾನ್ಯ ನೋಂದಣಿ ಇದ್ದವರು ಆ 18ನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆದರೆ ಬರಿಯ ಬೆಲೆಗೆ ಮಾತ್ರ ಸವಕಳಿ. ಒಂದೇ ಹಣವನ್ನು ಎರಡೂ ಕಡೆ ಕೇಳುವಂತಿಲ್ಲ.

ಮನೆಯಲ್ಲಿರುವ ಕಂಪ್ಯೂಟರಿನಲ್ಲಿ ಹಗಲು ಗಿರಾಕಿಯ ಕೆಲಸ ನಡೆದು ಸಂಜೆ ಮಕ್ಕಳ ಪಾಠ ನಡೆದರೆ ಕೆಲಸದ ಪಾಲಿಗಷ್ಟೇ ಸವಕಳಿ. ಪಾಲು ಎಷ್ಟೆಂದು ಕಾನೂನು ಅಂಕಿ ಕೊಟ್ಟಿಲ್ಲ, ಅಧಿಕಾರಿ ನ್ಯಾಯವಾಗಿ ನಿರ್ಧರಿಸುತ್ತಾರೆ ಎಂದಷ್ಟೇ 38(2)ನೆಯ ಕಲಂ ಹೇಳುತ್ತದೆ. ಬೆಂಗಳೂರಿನ ಕಂಪನಿಗೆ ಗದಗಿನ ಮನೆಯಿಂದ ದುಡಿಯುವ ಸಂಬಳದಾರರಿಗೆ ಈ ಕಡಿತ ಇಲ್ಲವೇ ಇಲ್ಲ, ಅವರ ಪಾಲಿಗೆ ಇರುವುದು ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದೇ. ಅದೇ ಮನೆಯಲ್ಲಿ ಅದೇ ಕೆಲಸವನ್ನು ಗುತ್ತಿಗೆಯ ಮೇಲೆ ಮಾಡಿದರೆ ಸವಕಳಿ ಸಿಗುತ್ತದೆ.

ಹೊರದೇಶಗಳಲ್ಲಿ ಈ ಪರಿಹಾರ ಇನ್ನೂ ಉದಾರ. ಬ್ರಿಟನ್ನಿನಲ್ಲಿ ಸ್ವಂತ ಉದ್ಯೋಗದ ಕನ್ನಡಿಗನೊಬ್ಬ ಕಂಪ್ಯೂಟರಿನ ಪೂರ್ತಿ ಬೆಲೆಯನ್ನು ವಾರ್ಷಿಕ ಹೂಡಿಕೆ ಭತ್ಯೆಯ ಅಡಿ ಕೊಂಡ ವರ್ಷವೇ ಕಳೆಯಬಹುದು, ಅಮೆರಿಕದಲ್ಲಿ 179ನೆಯ ಕಲಂ ಇಂಥದೇ ಅವಕಾಶ ಕೊಡುತ್ತದೆ. ನಾಲ್ಕೈದು ವರ್ಷದಲ್ಲಿ ಹಳೆಯದಾಗುವ ಯಂತ್ರಕ್ಕೆ ನಮ್ಮಲ್ಲೂ ಸಣ್ಣವರಿಗಾದರೂ ಇಂಥ ಏರ್ಪಾಡು ಬರಬೇಕು. 60ರಿಂದ 40ಕ್ಕೆ ಇಳಿಸಿದ್ದು ಅದರ ಎದುರು ದಿಕ್ಕಿನ ಹೆಜ್ಜೆ.

ಮಾರಾಟ ಮತ್ತು ವಾರಸುದಾರಿಕೆ

ಸವಕಳಿಯನ್ನು ಬಿಡಿ ಯಂತ್ರಕ್ಕೆ ಹಾಕದೆ ಒಂದೇ ದರದ ಯಂತ್ರಗಳ ಗುಂಪಿಗೆ, ಅಂದರೆ ಬ್ಲಾಕಿಗೆ ಹಾಕುತ್ತಾರೆ. ಹಳೆಯ ಕಂಪ್ಯೂಟರ್ ಮಾರಿ 5,000 ಬಂದರೆ ಅದು ಬ್ಲಾಕಿನ ಉಳಿಕೆಯಿಂದ ಇಳಿಯುತ್ತದೆ, ಬೇರೆ ಕಂಪ್ಯೂಟರ್ ಇರುವ ತನಕ ಉಳಿದ ಮೊತ್ತಕ್ಕೆ ಸವಕಳಿ ನಡೆಯುತ್ತದೆ. ಮಾರಿದ ಹಣ ಇಡೀ ಬ್ಲಾಕಿನ ಬೆಲೆಯನ್ನೇ ಮೀರಿದರೆ ಮೀರಿದ್ದು ಅಲ್ಪಾವಧಿ ಬಂಡವಾಳ ಲಾಭ. ಎಕ್ಸ್‌ಚೇಂಜ್ ಖರೀದಿಯಲ್ಲಿ ಹೊಸದರ ಪೂರ್ತಿ ಬೆಲೆ, ಹಳೆಯದಕ್ಕೆ ಕಟ್ಟಿದ ಬೆಲೆ ಎರಡೂ ಬಿಲ್ಲಿನಲ್ಲಿ ಬೇರೆಬೇರೆ ಕಾಣಬೇಕು.

ಮುದ್ರಣ ಮನೆತನಗಳಲ್ಲಿ ಅಂಗಡಿ ತಂದೆಯಿಂದ ಮಕ್ಕಳಿಗೆ ಬರುವುದು ರೂಢಿ. ಹಾಗೆ ವಾರಸಾಗಿಯೋ ದಾನವಾಗಿಯೋ ಬಂದ ಕಂಪ್ಯೂಟರಿಗೆ ಮಗನೋ ಮಗಳೋ ಇಂದಿನ ಮಾರುಕಟ್ಟೆ ಬೆಲೆ ಕಟ್ಟುವಂತಿಲ್ಲ. ತಂದೆ ಕೊಟ್ಟ ಮೂಲ ಬೆಲೆಯಿಂದ ಅವರ ಕಾಲದ ಸವಕಳಿಯನ್ನು ಕಳೆದು ಉಳಿದದ್ದೇ ಹೊಸ ಒಡೆಯರ ಲೆಕ್ಕದ ಮೊದಲ ಅಂಕಿ. ಇದಕ್ಕೆ ತಂದೆಯ ಕಾಲದ ಖರೀದಿ ಬಿಲ್ಲೂ ರಿಟರ್ನಿನ ಪ್ರತಿಗಳೂ ಬೇಕಾಗುವುದರಿಂದ ಅಂಗಡಿಯ ಕೀಲಿಯ ಜೊತೆ ಆ ಫೈಲನ್ನೂ ಪಡೆದುಕೊಳ್ಳಬೇಕು.